ಯೂಕಂಬೀನ್ ಜಲಾಶಯದ ನೀರು ಗದ್ದೆಗೆ ಮಾತ್ರವೇ, ಟ್ರೌಟ್ ಮೀನಿಗೂ ಪಾಲಿಲ್ಲವೇ?

ಕ್ಯಾನ್‌ಬೆರಾ ಕನ್ನಡಿಗ
ಆಸ್ಟ್ರೇಲಿಯಾದ ಸ್ನೋಯಿ ಪರ್ವತಗಳ ಯೂಕಂಬೀನ್ ಜಲಾಶಯಕ್ಕೆ ಗಾಳ ಹಿಡಿದು ಹೋಗುವವರು ಈ ವೇದಿಕೆಯಲ್ಲಿ ಸಾಕಷ್ಟು ಮಂದಿ ಇದ್ದೀರಿ. ನಿಮ್ಮೆಲ್ಲರ ಅಭಿಪ್ರಾಯ ತಿಳಿಯಬೇಕೆಂದು ಈ ಪ್ರಶ್ನೆಯನ್ನು ಎತ್ತುತ್ತಿದ್ದೇನೆ. ಕಳೆದ ಬೇಸಿಗೆಯ ಕೊನೆಯಲ್ಲಿ ಹೋದಾಗ, ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರು ನೀರನ್ನು ಮುಟ್ಟುವ ಮೊದಲೇ ಮುಗಿದುಹೋಗಿತ್ತು. ಅದರಾಚೆ ಮೇಲೆ ಒಣಗಿ ಬಿರಿದಂತೆ ಕಂಡರೂ ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳುವ ಕೆಸರು. ನಮ್ಮ ದೋಣಿಯ ಗಾಡಿ ಅದರಲ್ಲಿ ಸಿಕ್ಕಿಕೊಂಡು, ಅಪರಿಚಿತರೊಬ್ಬರು ತಮ್ಮ ಜೀಪಿಗೆ ಹಗ್ಗ ಕಟ್ಟಿ ಎಳೆದು ಕೊಡಬೇಕಾಯಿತು.

ನಾವು ಮೀನು ಹಿಡಿಯಲು ಪರವಾನಗಿ ಶುಲ್ಕ ಕಟ್ಟುತ್ತೇವೆ. ಅಡಾಮಿನಬಿ ಊರಿನ ವಸತಿಗೃಹಗಳು, ಅಂಗಡಿಗಳು ಗಾಳದವರನ್ನೇ ನಂಬಿಕೊಂಡಿವೆ. 1973ರಲ್ಲಿ ಆ ಊರಿನವರು ಸುಮಾರು 10 ಮೀಟರ್ ಎತ್ತರದ ಟ್ರೌಟ್ ಪ್ರತಿಮೆಯನ್ನೇ ನಿಲ್ಲಿಸಿಕೊಂಡರು. ಹೀಗಿರುವಾಗ, ಇಂತಿಷ್ಟು ಮಟ್ಟಕ್ಕಿಂತ ಕೆಳಗೆ ನೀರನ್ನು ಇಳಿಸಬಾರದು ಎಂದು ಮೀನಿನ ಹಿತಕ್ಕಾಗಿ ಒಂದು ನಿಯಮ ಮಾಡುವುದರಲ್ಲಿ ತಪ್ಪೇನು? ಎಲ್ಲ ನೀರೂ ಭತ್ತದ ಗದ್ದೆಗೇ ಹೋಗಬೇಕೇ?

ಗ್ರಿಫಿತ್ ನಿವಾಸಿ
ತಪ್ಪಿದೆ, ಮತ್ತು ಅದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಯೂಕಂಬೀನ್ ಸೇರಿರುವ ಸ್ನೋಯಿ ಯೋಜನೆ 1949ರ ಅಕ್ಟೋಬರ್ 17ರಂದು ಅಡಾಮಿನಬಿಯಲ್ಲಿ ಆರಂಭವಾದದ್ದು ವಿದ್ಯುತ್ತಿಗಾಗಿ ಮತ್ತು ಪಶ್ಚಿಮದ ಒಣ ಬಯಲಿನ ನೀರಾವರಿಗಾಗಿ. 30ಕ್ಕೂ ಹೆಚ್ಚು ದೇಶಗಳಿಂದ ಬಂದ ಒಂದು ಲಕ್ಷಕ್ಕೂ ಹೆಚ್ಚು ಜನ 1974ರವರೆಗೆ ಅಲ್ಲಿ ದುಡಿದರು, 121 ಮಂದಿ ಪ್ರಾಣ ಕಳೆದುಕೊಂಡರು. ಅವರು ಬೆಟ್ಟವನ್ನು ಕೊರೆದದ್ದು ನಮ್ಮ ವಾರಾಂತ್ಯದ ಗಾಳಕ್ಕಲ್ಲ.

ನಾನು ಬೇಸಾಯದ ಸಲಹೆಗಾರನಾಗಿ ಇದೇ ಅಚ್ಚುಕಟ್ಟಿನಲ್ಲಿ ಕೆಲಸ ಮಾಡುತ್ತೇನೆ. ಗ್ರಿಫಿತ್, ಲೀಟನ್, ಕೊಲಿಯಾಂಬಲಿಯ ಸುತ್ತ ನೀವು ಕಾಣುವ ದ್ರಾಕ್ಷಿ, ಕಿತ್ತಳೆ, ಭತ್ತ, ಬಾದಾಮಿ ಎಲ್ಲವೂ ನಾಲೆಯ ನೀರನ್ನು ಕುಡಿದೇ ಬೆಳೆದವು. 2007ರ ಬರಗಾಲದಲ್ಲಿ ನೀರಿನ ಹಂಚಿಕೆ ನಿಂತು ಭತ್ತದ ಬೆಳೆ ಬಹುತೇಕ ಇಲ್ಲವಾಯಿತು. ಡೆನಿಲಿಕ್ವಿನ್‌ನ ದೊಡ್ಡ ಅಕ್ಕಿ ಗಿರಣಿ ಬಾಗಿಲು ಹಾಕಿತು, ಮತ್ತೆ ತೆರೆಯಲು ವರ್ಷಗಳೇ ಬೇಕಾದವು. ದೋಣಿ ಇಳಿಸಲಾಗದಿದ್ದರೆ ಒಂದು ವಾರಾಂತ್ಯ ಹಾಳಾಗುತ್ತದೆ, ನೀರು ಬಿಡದಿದ್ದರೆ ಒಂದು ಊರು ಹಾಳಾಗುತ್ತದೆ.

ಮಂಡ್ಯದ ಮಗಳು
ನಮ್ಮ ಕಡೆಯ ಲೆಕ್ಕದಲ್ಲಿ ಯೂಕಂಬೀನ್ ಎಷ್ಟು ಟಿಎಂಸಿಯ ಜಲಾಶಯ ಎಂದು ಯಾರಾದರೂ ಹೇಳುವಿರಾ? ಗಿಗಾಲೀಟರ್ ಎಂದರೆ ನನಗೆ ಅಂದಾಜೇ ಸಿಗುವುದಿಲ್ಲ.

ಜಲಲೆಕ್ಕಿಗ
ಪೂರ್ಣ ಸಾಮರ್ಥ್ಯ ಸುಮಾರು 4,798 ಗಿಗಾಲೀಟರ್, ಅಂದರೆ 169 ಟಿಎಂಸಿ. ಕೃಷ್ಣರಾಜಸಾಗರ 49 ಟಿಎಂಸಿ ಚಿಲ್ಲರೆ, ಲಿಂಗನಮಕ್ಕಿ ಸುಮಾರು 152. ಕೆ.ಆರ್.ಎಸ್. ಮೂರು ಸಲ ತುಂಬಿದರೂ ಯೂಕಂಬೀನ್‌ನಲ್ಲಿ ಇನ್ನೂ ಜಾಗ ಉಳಿಯುತ್ತದೆ. ಅಣೆಕಟ್ಟು ಮಣ್ಣು ಮತ್ತು ಕಲ್ಲಿನ ಏರಿ, 116 ಮೀಟರ್ ಎತ್ತರ, 1958ರಲ್ಲಿ ಮುಗಿಯಿತು.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಮೇಲಿನ ಇಬ್ಬರೂ ಒಂದು ಮುಖ್ಯ ಸಂಗತಿಯನ್ನು ಬಿಟ್ಟು ಜಗಳಕ್ಕೆ ನಿಂತಿದ್ದೀರಿ. ಯೂಕಂಬೀನ್‌ನಿಂದ ಯಾವ ನಾಲೆಯೂ ನೇರವಾಗಿ ಗದ್ದೆಗೆ ಹೋಗುವುದಿಲ್ಲ. ಒಂದು ಸುರಂಗ ಬೆಟ್ಟದ ಬೆನ್ನಿನಡಿ ಟ್ಯೂಮಟ್ ಕಣಿವೆಯತ್ತ ಹೋಗುತ್ತದೆ, ಇನ್ನೊಂದು ಸ್ನೋಯಿ ನದಿಯ ಕಡೆಗಿದ್ದು ಅಲ್ಲಿಂದ ನೀರು ಮತ್ತೊಂದು ಸುರಂಗದ ಮೂಲಕ ಮರ್ರೀ ನದಿಯ ಕಡೆಗೆ ಸಾಗುತ್ತದೆ. ದಾರಿಯುದ್ದಕ್ಕೂ ವಿದ್ಯುದಾಗಾರಗಳನ್ನು ತಿರುಗಿಸಿದ ಮೇಲೆ ಒಂದು ಪಾಲು ಬ್ಲೋವರಿಂಗ್ ಜಲಾಶಯಕ್ಕೂ ಇನ್ನೊಂದು ಪಾಲು ಹ್ಯೂಮ್ ಜಲಾಶಯಕ್ಕೂ ಬಂದು ನಿಲ್ಲುತ್ತದೆ. ರೈತರು ನೀರು ಕೇಳಿದಾಗ ಬಾಗಿಲು ತೆರೆಯುವುದು ಈ ಕೆಳಗಿನ ಎರಡು ಜಲಾಶಯಗಳಲ್ಲಿ. ಮೇಲಿನ ಯೂಕಂಬೀನ್‌ಗೆ ಇರುವ ಕಟ್ಟುಪಾಡು ವಾರ್ಷಿಕವಾದದ್ದು. ಮೇ 1ರಿಂದ ಏಪ್ರಿಲ್ 30ರವರೆಗಿನ ಜಲವರ್ಷದಲ್ಲಿ ಮರ್ರೀ ಕಡೆಗೆ 1,062 ಗಿಗಾಲೀಟರ್, ಗ್ರಿಫಿತ್ ಸುತ್ತಲಿನ ನಾಲೆಗಳಿಗೆ ನೀರುಣಿಸುವ ಮರಂಬಿಜಿ ನದಿಯ ಕಡೆಗೆ 1,026 ಗಿಗಾಲೀಟರ್ ಇಡೀ ಯೋಜನೆಯಿಂದ ಹರಿಯಬೇಕು. ಬರ ಬಂದರೆ ಅದಕ್ಕೆ ಹೊಂದಾಣಿಕೆಗಳಿವೆ. ವರ್ಷದ ಯಾವ ತಿಂಗಳಲ್ಲಿ, ದಿನದ ಯಾವ ಗಂಟೆಯಲ್ಲಿ ಬಿಡಬೇಕೆಂಬುದನ್ನು ಬಹುಮಟ್ಟಿಗೆ ವಿದ್ಯುತ್ ಮಾರುಕಟ್ಟೆಯೇ ತೀರ್ಮಾನಿಸುತ್ತದೆ.

ಆದ್ದರಿಂದ ಇಲ್ಲಿ ಬೇಸಿಗೆಯಾದ ಜನವರಿಯಲ್ಲಿ ನಿಮ್ಮ ಇಳಿಜಾರು ಒಣಗಿದ್ದರೆ ಅದಕ್ಕೆ ಜನವರಿಯ ಭತ್ತವನ್ನು ದೂರುವುದು ಸರಿಯಲ್ಲ. ಹಿಂದಿನ ಎರಡು ಮೂರು ಚಳಿಗಾಲಗಳಲ್ಲಿ ಹಿಮ ಎಷ್ಟು ಬಿದ್ದಿತು, ಅದು ಕರಗಿ ಎಷ್ಟು ಒಳಹರಿವು ಬಂದಿತು, ಸಿಡ್ನಿ ಮತ್ತು ಮೆಲ್ಬರ್ನ್‌ನವರು ಎಷ್ಟು ವಿದ್ಯುತ್ ಬಳಸಿದರು ಎಂಬುದನ್ನು ಮೊದಲು ನೋಡಬೇಕು.

ಕ್ಯಾನ್‌ಬೆರಾ ಕನ್ನಡಿಗ
ವಿವರಣೆಗೆ ಧನ್ಯವಾದಗಳು. ಆದರೆ ಇದರಿಂದ ನನ್ನ ವಾದಕ್ಕೆ ಬಲವೇ ಬರುತ್ತದೆ. ರೈತನಿಗೆ ಬೇಕಾದ ನೀರು ಕೆಳಗಿನ ಜಲಾಶಯದಲ್ಲಿ ಭದ್ರವಾಗಿ ನಿಂತಿದ್ದರೆ, ಮೇಲಿನದರಲ್ಲಿ ಸ್ವಲ್ಪ ಉಳಿಸಿಕೊಂಡರೆ ಯಾರಿಗೆ ನಷ್ಟ?

ಗ್ರಿಫಿತ್ ನಿವಾಸಿ
ಬರಗಾಲದಲ್ಲಿ ಎಲ್ಲರಿಗೂ ನಷ್ಟ. ತೇವದ ವರ್ಷಗಳಲ್ಲಿ ಕೂಡಿಟ್ಟು ಒಣ ವರ್ಷಗಳಲ್ಲಿ ಖರ್ಚು ಮಾಡುವುದಕ್ಕೆಂದೇ ಅಷ್ಟು ದೊಡ್ಡ ಜಲಾಶಯ ಕಟ್ಟಿದ್ದು. 2007ರಲ್ಲಿ ಅದು ಸಾಮರ್ಥ್ಯದ ಹತ್ತನೇ ಒಂದರಷ್ಟಕ್ಕೆ ಇಳಿಯಿತು. ಅಂದು ಮೀನಿಗಾಗಿ ಕಾಲುಭಾಗ ಕಾದಿರಿಸಬೇಕೆಂಬ ನಿಯಮವಿದ್ದಿದ್ದರೆ ನದಿಯ ಕೆಳಗಿನ ಊರುಗಳ ಗತಿ ಏನಾಗುತ್ತಿತ್ತು ಎಂದು ಯೋಚಿಸಿ ಹೇಳಿ.

ಗಾಳದ ದಾರ
ನೀರಿನ ಮಟ್ಟ ಸ್ಥಿರವಾಗಿದ್ದರೆ ಮೀನು ಚೆನ್ನಾಗಿರುತ್ತದೆ ಎಂಬ ನಂಬಿಕೆಯನ್ನೇ ಇಬ್ಬರೂ ಪ್ರಶ್ನಿಸಿಲ್ಲವಲ್ಲ! ಯೂಕಂಬೀನ್‌ನಲ್ಲಿ ಬಹುಕಾಲದಿಂದ ಗಾಳ ಹಾಕುತ್ತಿರುವ ಯಾರನ್ನಾದರೂ ಕೇಳಿ ನೋಡಿ. ಅತ್ಯುತ್ತಮ ಬೇಟೆ ಸಿಗುವುದು ನೀರು ಇಳಿದು ಮತ್ತೆ ಏರುವ ಕಾಲದಲ್ಲಿ. ನೀರು ಇಳಿದಾಗ ಬಯಲಾದ ದಂಡೆಯಲ್ಲಿ ಒಂದೆರಡು ವರ್ಷ ಹುಲ್ಲು, ಕಳೆ ಸೊಂಪಾಗಿ ಬೆಳೆಯುತ್ತದೆ. ಮಣ್ಣಿನಲ್ಲಿ ಎರೆಹುಳು, ಜೀರುಂಡೆ, ಹುಳುಹುಪ್ಪಟೆ ತುಂಬಿಕೊಳ್ಳುತ್ತವೆ. ವಸಂತದಲ್ಲಿ ಹಿಮ ಕರಗಿ ನೀರು ಆ ಹುಲ್ಲಿನ ಮೇಲೆ ಅಂಗುಲ ಅಂಗುಲವಾಗಿ ಏರತೊಡಗಿದರೆ ಬ್ರೌನ್ ಟ್ರೌಟ್‌ಗಳು ಕತ್ತಲಾದ ಮೇಲೆ ಪಾದ ಮುಳುಗುವಷ್ಟೇ ನೀರಿಗೂ ಬಂದು ಮೇಯುತ್ತವೆ. ಅಂಥ ಒಂದು ರಾತ್ರಿ ಹಿಡಿದ ಮೀನನ್ನು ದಂಡೆಯಲ್ಲಿಯೇ ಶುಚಿ ಮಾಡುವಾಗ ಹೊಟ್ಟೆ ಸೀಳಿ ನೋಡಿದರೆ, ಬೆರಳ ದಪ್ಪದ ಎರೆಹುಳುಗಳು ಉಂಡೆಕಟ್ಟಿಕೊಂಡು ಇನ್ನೂ ಮಿಸುಕಾಡುತ್ತಿದ್ದವು. ನಡುವೆ ಕಪ್ಪು ಜೀರುಂಡೆಯ ರೆಕ್ಕೆಗಳು, ಒಂದು ಹುಲ್ಲಿನ ಎಸಳು. ಮಾಂಸ ಮಾಗಿದ ಪಪ್ಪಾಯಿಯ ಬಣ್ಣಕ್ಕಿತ್ತು.

ಅಣೆಕಟ್ಟು ಕಟ್ಟಿ ಮೊದಲ ಸಲ ನೀರು ತುಂಬುತ್ತಿದ್ದ ವರ್ಷಗಳಲ್ಲಿ ಹುಲ್ಲುಗಾವಲುಗಳೇ ಮುಳುಗಿದ್ದರಿಂದ ಮೀನು ಕೊಬ್ಬಿ ಬೆಳೆದು ಈ ಜಲಾಶಯದ ಹೆಸರು ದೂರದೂರಕ್ಕೆ ಹಬ್ಬಿತು. ಏರೋಪ್ಲೇನ್ ಚಿಟ್ಟೆಯ ಮರಿಹುಳುವನ್ನು ಗಾಳಕ್ಕೆ ಚುಚ್ಚಿ, ತೇಲುಬುರುಡೆ ಕಟ್ಟಿ ರಾತ್ರಿ ಕಾಯುವ ಪದ್ಧತಿ ಇಂದಿಗೂ ನಡೆದುಬಂದಿದೆ. ಇಲ್ಲಿಯವರು ಆ ಹುಳುವಿಗೆ ಮಡ್‌ಐ ಎನ್ನುತ್ತಾರೆ. ನೀರನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ ಈ ಹಬ್ಬವೇ ಇಲ್ಲ. ಹೀಗಾಗಿ ನೀರಾವರಿ ಮತ್ತು ಟ್ರೌಟ್ ಒಂದಕ್ಕೊಂದು ಶತ್ರುಗಳೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಸಿಡ್ನಿಯ ಸುಬ್ಬಿ
ಬೇಸಿಗೆಯ ನಡುವೆ ದಂಡೆಯಿಂದ ಹಾಕಿದರೆ ಏನೂ ಸಿಗುವುದಿಲ್ಲವಲ್ಲ, ಅದಕ್ಕೇನು ಕಾರಣ?

ಗಾಳದ ದಾರ
ಬಿಸಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟ್ ಸಂಕಟಪಡುತ್ತದೆ. ಹಗಲಲ್ಲಿ ಅದು ಆಳದ ತಂಪು ಪದರಕ್ಕೆ ಇಳಿದುಬಿಡುತ್ತದೆ. ಆಗ ದೋಣಿಯಿಂದ ಸೀಸದ ತಿರುಳಿನ ದಾರ ಬಿಟ್ಟು ಆಳದಲ್ಲಿ ಎಳೆಯಬೇಕು, ಇಲ್ಲವೇ ನಸುಕಿನಲ್ಲಿ ದಂಡೆಗೆ ಹೋಗಬೇಕು. ಜಲಾಶಯ ಸಮುದ್ರಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಡಿಸೆಂಬರ್‌ನಲ್ಲಿಯೂ ಬೆಳಗಿನ ಜಾವಕ್ಕೆ ಸ್ವೆಟರ್ ಬೇಕೇಬೇಕು. ಬಿಡುವ ಮೀನನ್ನು ಒದ್ದೆ ಕೈಯಿಂದಲೇ ಹಿಡಿಯಿರಿ, ಒಣ ಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ.

ಹಳ್ಳದ ಮೀನು
ನೀವೆಲ್ಲರೂ ಟ್ರೌಟ್ ಈ ನೆಲದ ಮೀನು ಎಂಬಂತೆ ಮಾತನಾಡುತ್ತಿದ್ದೀರಿ. 1864ರಲ್ಲಿ ನಾರ್ಫೋಕ್ ಎಂಬ ಹಡಗಿನಲ್ಲಿ ಮಂಜುಗಡ್ಡೆ ಮತ್ತು ಪಾಚಿಯ ನಡುವೆ ಮೊಟ್ಟೆಗಳನ್ನಿಟ್ಟು ಇಂಗ್ಲೆಂಡಿನಿಂದ ಟಾಸ್ಮೇನಿಯಾಕ್ಕೆ ತಂದದ್ದರಿಂದ ಆಸ್ಟ್ರೇಲಿಯಾದಲ್ಲಿ ಬ್ರೌನ್ ಟ್ರೌಟ್ ನೆಲೆಯೂರಿತು. ರೇನ್‌ಬೋ ಟ್ರೌಟ್‌ನ ಮೂಲ ಉತ್ತರ ಅಮೆರಿಕ. ಈ ಪರ್ವತಗಳ ಹಳ್ಳಗಳಲ್ಲಿ ಮೊದಲಿನಿಂದ ಇದ್ದದ್ದು ಗ್ಯಾಲಾಕ್ಸಿಯಸ್ ಎಂಬ ಹುರುಪೆಯಿಲ್ಲದ ಪುಟ್ಟ ಮೀನುಗಳು. ಟ್ರೌಟ್ ಹೋದ ಕಡೆಯಲ್ಲೆಲ್ಲ ಅವನ್ನು ತಿಂದು ಮುಗಿಸಿದೆ. ಸ್ಟಾಕಿ ಗ್ಯಾಲಾಕ್ಸಿಯಸ್ ಎಂಬ ಪ್ರಭೇದ ಇಂದು ಟಾಂಟಾಂಗರಾ ತೊರೆಯ ಮೇಲ್ಭಾಗದ ಕೆಲವೇ ಕಿಲೋಮೀಟರ್‌ಗಳಲ್ಲಿ ಉಳಿದಿದೆ. ಅದೂ ಒಂದು ಸಣ್ಣ ಜಲಪಾತ ಟ್ರೌಟ್‌ಗಳನ್ನು ಮೇಲೆ ಹತ್ತಗೊಡದ ಕಾರಣಕ್ಕೆ. 2020ರ ಕಾಳ್ಗಿಚ್ಚಿನ ನಂತರ ಬೂದಿ ಹಳ್ಳಕ್ಕೆ ಇಳಿಯುವ ಭಯದಿಂದ ಅವುಗಳಲ್ಲಿ ಕೆಲವನ್ನು ಹಿಡಿದು ಬೇರೆಡೆ ಕಾಪಾಡಬೇಕಾಯಿತು. ಹೊರಗಿನಿಂದ ತಂದ ಮೀನಿಗೆ ನೀರಿನ ಹಕ್ಕು ಕೇಳುವ ಮೊದಲು, ಇಲ್ಲಿಯದೇ ಆದ ಮೀನಿಗೆ ಏನು ಉಳಿಸಿದ್ದೇವೆ ಎಂದು ಕೇಳಿಕೊಳ್ಳಬೇಡವೇ?

ಕ್ಯಾನ್‌ಬೆರಾ ಕನ್ನಡಿಗ
ಹಳ್ಳಗಳ ವಿಷಯದಲ್ಲಿ ನಿಮ್ಮ ಕಳವಳ ನ್ಯಾಯವಾದದ್ದು, ಟ್ರೌಟ್ ಇಲ್ಲದ ಹಳ್ಳಗಳಿಗೆ ಅದನ್ನು ಬಿಡಲೇಬಾರದು. ಆದರೆ ಜಲಾಶಯವೇ ಮನುಷ್ಯ ನಿರ್ಮಿತ. 1957ಕ್ಕಿಂತ ಮೊದಲು ಅಲ್ಲಿ ಆಳವಾದ ಸರೋವರವಾಗಲಿ ಸರೋವರದ ಮೀನಾಗಲಿ ಇರಲಿಲ್ಲ. ಕಟ್ಟಿದ ಕೆರೆಗೆ ಬಿಟ್ಟ ಮೀನನ್ನು ಕಾಡಿನ ಹಳ್ಳಕ್ಕೆ ನುಗ್ಗಿದ ಮೀನಿನೊಂದಿಗೆ ಸಮೀಕರಿಸುವುದು ಸರಿಯಲ್ಲ.

ಹಳ್ಳದ ಮೀನು
ಕೆರೆಯಲ್ಲಿಯೇ ಉಳಿಯುವ ಮೀನಾದರೆ ಆ ಮಾತು ಒಪ್ಪಬಹುದಿತ್ತು. ಚಳಿಗಾಲದ ಹೊಸ್ತಿಲಲ್ಲಿ ಬ್ರೌನ್ ಟ್ರೌಟ್‌ಗಳು, ಚಳಿಗಾಲ ಮುಗಿಯುವ ಹೊತ್ತಿಗೆ ರೇನ್‌ಬೋಗಳು ಮೊಟ್ಟೆಯಿಡಲು ಯೂಕಂಬೀನ್ ನದಿಯನ್ನೇರಿ ಹೋಗುತ್ತವೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆ ನದಿಯ ದಂಡೆಯಲ್ಲಿ ಮೇ ತಿಂಗಳಲ್ಲಿ ಜನ ಸಾಲಾಗಿ ನಿಲ್ಲುವುದೇ ಅದಕ್ಕಾಗಿ.

ನೀಲಗಿರಿ ನೆನಪು
ಇದೇ ಚರ್ಚೆ ನಮ್ಮ ನೆರೆಯಲ್ಲಿಯೂ ಇದೆ. ನೀಲಗಿರಿಯ ಅವಲಾಂಚ್‌ನಲ್ಲಿ 1907ರ ಸುಮಾರಿಗೆ ಎಚ್.ಸಿ. ವಿಲ್ಸನ್ ಮೀನುಮರಿ ಕೇಂದ್ರ ಸ್ಥಾಪಿಸಿದ ಮೇಲೆ ಅಲ್ಲಿಯ ತೊರೆಗಳಲ್ಲಿ ರೇನ್‌ಬೋ ಟ್ರೌಟ್ ನೆಲೆಸಿತು. ಅದಕ್ಕೂ ಮೊದಲು 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನಗಳು ಕೈಗೂಡಿರಲಿಲ್ಲ. ವ್ಯತ್ಯಾಸವೆಂದರೆ ಅಲ್ಲಿಯ ಬೆಟ್ಟದ ಜಲಾಶಯಗಳನ್ನು ಕಟ್ಟಿದ್ದು ಮುಖ್ಯವಾಗಿ ವಿದ್ಯುತ್ತಿಗೆ, ಟ್ರೌಟ್ ಬೇಟೆ ಯೂಕಂಬೀನ್‌ನಲ್ಲಿರುವಷ್ಟು ದೊಡ್ಡ ಜೀವನೋಪಾಯವಾಗಲಿಲ್ಲ. ಕರ್ನಾಟಕದಲ್ಲಿ ನಮಗೆ ಕಾವೇರಿಯ ಮಹಶೀರ್ ಇತ್ತು, ಈ ನೆಲದ್ದೇ ಆದ ಮೀನು. ಅದನ್ನು ಕಾಪಾಡಿಕೊಳ್ಳುವುದರಲ್ಲಿಯೇ ನಾವು ಸೋಲುತ್ತಿದ್ದೇವೆ ಎಂಬುದು ನೋವಿನ ಸಂಗತಿ.

ಶರಾವತಿ ತೀರ
ಮೀನು, ಗದ್ದೆ, ವಿದ್ಯುತ್ತು ಎಲ್ಲದರ ಲೆಕ್ಕ ಹಾಕಿದಿರಿ. ನೀರಿನಡಿ ಹೋದ ಊರಿನ ಲೆಕ್ಕವನ್ನು ಯಾರೂ ಎತ್ತಲಿಲ್ಲ. ಹಳೆಯ ಅಡಾಮಿನಬಿಯ ನೂರಕ್ಕೂ ಹೆಚ್ಚು ಕಟ್ಟಡಗಳನ್ನು 1956–57ರಲ್ಲಿ ಲಾರಿಗಳ ಮೇಲೆ ಇಡಿಯಾಗಿ ಹೇರಿಕೊಂಡು ಎತ್ತರದ ಹೊಸ ಜಾಗಕ್ಕೆ ಸಾಗಿಸಿದರು. ಕೆಲವು ಇಗರ್ಜಿಗಳನ್ನು ಕಲ್ಲು ಬಿಡಿಸಿ ಮತ್ತೆ ಕಟ್ಟಿದರು. 2007ರಲ್ಲಿ ನೀರು ಇಳಿದಾಗ ಹಳೆಯ ಊರಿನ ಮೆಟ್ಟಿಲುಗಳು, ತಳಪಾಯಗಳು, ಸತ್ತ ಮರಗಳ ಬೊಡ್ಡೆಗಳು ಬಯಲಿಗೆ ಬಂದವು.

ನಮ್ಮ ಮನೆಯವರು ಲಿಂಗನಮಕ್ಕಿಯ ಮುಳುಗಡೆಯಿಂದ ಎದ್ದು ಬಂದವರು. ಅಲ್ಲಿ ನೀರು ಇಳಿದರೆ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದ ಜಾಗ ಅದು. ಅಡಾಮಿನಬಿಯವರಿಗೆ ಕಡೇಪಕ್ಷ ಮನೆ ಜೊತೆಗೆ ಬಂತು. ಶರಾವತಿಯ ಸಂತ್ರಸ್ತರಲ್ಲಿ ಅನೇಕರಿಗೆ ಅರವತ್ತು ವರ್ಷಗಳ ನಂತರವೂ ತಾವಿರುವ ಭೂಮಿಯ ಹಕ್ಕುಪತ್ರ ಬಂದಿಲ್ಲ. ಅದಕ್ಕೇ ಹೇಳುತ್ತೇನೆ, ಟ್ರೌಟ್‌ನ ಮೇಲೆ ಬದುಕುವ ಅಡಾಮಿನಬಿಯ ಜನರ ಬೇಡಿಕೆಯನ್ನು ವಾರಾಂತ್ಯದ ಮೋಜು ಎಂದು ತಳ್ಳಿಹಾಕಬೇಡಿ. ಆ ಊರು ತನ್ನ ಕಣಿವೆಯನ್ನು ಕೊಟ್ಟದ್ದರಿಂದಲೇ ಗ್ರಿಫಿತ್‌ಗೆ ನೀರು ಬಂದದ್ದು.

ಗ್ರಿಫಿತ್ ನಿವಾಸಿ
ಈ ಮಾತನ್ನು ಗೌರವಿಸುತ್ತೇನೆ. ಊರಿನ ಬದುಕಿಗೆ ನೆರವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನೆರವು ನೀರಿನ ಮಟ್ಟವನ್ನು ಕಟ್ಟಿಹಾಕುವ ರೂಪದಲ್ಲಿ ಇರಬಾರದು ಎಂಬ ನಿಲುವಿನಿಂದ ನಾನು ಕದಲುವುದಿಲ್ಲ.

ಡಾಲ್ಗೆಟಿ ದಾರಿ
ನೀರಿನ ಪಾಲು ಕೇಳುವವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದದ್ದು ಸ್ನೋಯಿ ನದಿ. 1967ರಲ್ಲಿ ಜಿಂಡಬೈನ್ ಅಣೆಕಟ್ಟು ಮುಗಿದ ಮೇಲೆ ಅದರ ಕೆಳಗೆ ಹರಿವು ಮೊದಲಿನ ನೂರಕ್ಕೆ ಒಂದು ಪಾಲಿಗೆ ಇಳಿಯಿತು. ಆ ನದಿಯ ದಂಡೆಯ ಡಾಲ್ಗೆಟಿ ಊರಿನ ಸೇತುವೆಯ ಮೇಲೆ ನಿಂತರೆ, ಅಷ್ಟು ಅಗಲದ ಸೇತುವೆ ಇಷ್ಟು ಸಣ್ಣ ಹೊಳೆಗೆ ಏಕೆ ಎಂದು ಅನಿಸುತ್ತಿತ್ತು. ಜನರ ದೀರ್ಘ ಹೋರಾಟದ ನಂತರ 2002ರಲ್ಲಿ ನೂರಕ್ಕೆ 21ರಷ್ಟು ಹರಿವನ್ನು ಹಂತಹಂತವಾಗಿ ಮರಳಿಸುವ ಗುರಿಗೆ ಸರ್ಕಾರಗಳು ಒಪ್ಪಿದವು. ಆ ನೀರನ್ನು ಹೊಂದಿಸಿದ್ದು ಹೇಗೆ ಗೊತ್ತೇ? ಪಶ್ಚಿಮದ ನಾಲೆಗಳಲ್ಲಿ ಸೋರಿಕೆ ತಡೆದು ಮತ್ತು ಹಕ್ಕುಗಳನ್ನು ಹಣ ಕೊಟ್ಟು ಕೊಂಡು. ಅಂದರೆ ರೈತರ ಪಾಲನ್ನು ಕಿತ್ತುಕೊಳ್ಳದೆಯೂ ಬೇರೆ ಉದ್ದೇಶಕ್ಕೆ ನೀರು ಹುಡುಕಬಹುದು ಎಂಬುದಕ್ಕೆ ಇಲ್ಲಿಯೇ ನಿದರ್ಶನವಿದೆ. ಕೆಳಗಿನ ದೊಡ್ಡ ಜಲಾಶಯಗಳ ತಳದಿಂದ ಬೇಸಿಗೆಯಲ್ಲಿ ಕೊರೆಯುವ ನೀರು ಬಿಡುವುದರಿಂದ ಮರ್ರೀ ಕಾಡ್‌ನಂಥ ದೇಶೀ ಮೀನುಗಳ ಸಂತಾನವೇ ಕುಂಠಿತವಾಗುತ್ತಿದೆ. ಪಾಲು ಕೇಳುವುದಾದರೆ ಅವುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಲಲೆಕ್ಕಿಗ
ಮಟ್ಟದ ಬಗ್ಗೆ ಇಷ್ಟು ವಾದಿಸುವ ನಮಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಕಡೆಯಿಂದ ಬರುತ್ತಿದೆ. 2017ರಲ್ಲಿ ಘೋಷಿಸಿದ ಸ್ನೋಯಿ 2.0 ಯೋಜನೆ ಕೆಳಗಿನ ಟಾಲ್ಬಿಂಗೋ ಜಲಾಶಯವನ್ನೂ ಮೇಲಿನ ಟಾಂಟಾಂಗರಾ ಜಲಾಶಯವನ್ನೂ ಸುರಂಗದಿಂದ ಜೋಡಿಸಿ, ನೀರನ್ನು ಮೇಲಕ್ಕೆ ಪಂಪು ಮಾಡಿ ಮತ್ತೆ ಇಳಿಸುತ್ತದೆ. ಟಾಲ್ಬಿಂಗೋದಲ್ಲಿ ರೆಡ್‌ಫಿನ್ ಎಂಬ ಯುರೋಪಿನ ಮೀನು ತುಂಬಿದೆ. ಅದು ಟ್ರೌಟ್ ಮರಿಗಳನ್ನು ನುಂಗುತ್ತದೆ. ರೇನ್‌ಬೋ ಟ್ರೌಟ್‌ಗೂ ದೇಶೀ ಮ್ಯಾಕ್ವಾರಿ ಪರ್ಚ್‌ಗೂ ತಗಲಬಲ್ಲ ಇಎಚ್‌ಎನ್ ಎಂಬ ವೈರಸ್ ಅದರೊಂದಿಗೆ ಬರಬಹುದು. ಪಂಪಿನ ಮೂಲಕ ಅದರ ಮೊಟ್ಟೆಮರಿಗಳು ಟಾಂಟಾಂಗರಾಕ್ಕೆ ಸೇರಿದರೆ, ಅಲ್ಲಿಂದ ಈಗಾಗಲೇ ಇರುವ ಸುರಂಗ ಅವನ್ನು ನೇರವಾಗಿ ಯೂಕಂಬೀನ್‌ಗೆ ತಂದು ಬಿಡುತ್ತದೆ. ಯೋಜನೆಗೆ ಒಪ್ಪಿಗೆ ಕೊಡುವಾಗ ಮೀನು ದಾಟದಂತೆ ತಡೆಗಳನ್ನು ಅಳವಡಿಸಬೇಕೆಂಬ ಷರತ್ತು ಹಾಕಿದ್ದಾರೆ. ಆ ತಡೆಗಳು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂಬುದನ್ನು ಬಿಡದೆ ಕೇಳುತ್ತಿರಬೇಕಾದವರು ನಾವು. ಈ ವಿಷಯದಲ್ಲಿ ಟ್ರೌಟ್ ಪ್ರಿಯರೂ ಗ್ಯಾಲಾಕ್ಸಿಯಸ್ ಪ್ರಿಯರೂ ಒಂದೇ ಕಡೆ ನಿಲ್ಲಬಹುದು.

ಹಳ್ಳದ ಮೀನು
ಖಂಡಿತ ನಿಲ್ಲುತ್ತೇನೆ. ಜೊತೆಗೆ ಇನ್ನೊಂದು ಮಾತು. ರೆಡ್‌ಫಿನ್ ಹರಡುವುದು ಸುರಂಗದಿಂದ ಮಾತ್ರವಲ್ಲ. ಬೇರೆ ಕೆರೆಯ ಮೀನನ್ನು ಜೀವಂತವಾಗಿ ಡಬ್ಬಿಯಲ್ಲಿ ತಂದು ಬಿಡುವವರಿಂದಲೂ ಹರಡುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಅದು ಅಪರಾಧ, ಸಿಹಿನೀರಿನಲ್ಲಿ ಜೀವಂತ ಮೀನನ್ನು ಗಾಳಕ್ಕೆ ಕಟ್ಟುವುದೂ ನಿಷಿದ್ಧ. ಹೊಸದಾಗಿ ಗಾಳ ಕಲಿಯುತ್ತಿರುವ ನಮ್ಮವರಿಗೆ ದಯವಿಟ್ಟು ತಿಳಿಸಿ.

ಗಾಳದ ದಾರ
ಕ್ಯಾನ್‌ಬೆರಾ ಕನ್ನಡಿಗರೇ, ನಿಮ್ಮ ಮೂಲ ಸಂಕಟ ದೋಣಿಯ ಗಾಡಿ ಕೆಸರಿನಲ್ಲಿ ಹೂತದ್ದು. ಅದಕ್ಕೆ ಜಲಾಶಯದ ಮಟ್ಟವನ್ನೇ ಏಕೆ ಎತ್ತಬೇಕು, ಇಳಿಜಾರನ್ನು ಕೆಳಕ್ಕೆ ಉದ್ದ ಮಾಡಿಸಿದರೆ ಸಾಲದೇ? ನಾವು ಕಟ್ಟುವ ಪರವಾನಗಿ ಶುಲ್ಕ ಒಂದು ಪ್ರತ್ಯೇಕ ನಿಧಿಗೆ ಹೋಗುತ್ತದೆ. ಮೀನುಮರಿ ಬಿಡುವುದಕ್ಕೂ ಮೀನುಗಾರರ ಸೌಲಭ್ಯಗಳಿಗೂ ಅದರಿಂದ ಅನುದಾನ ಕೊಡುತ್ತಾರೆ, ಸಂಘಗಳು ಅರ್ಜಿ ಹಾಕಬಹುದು. ನೀರು ಕಡಿಮೆಯಿರುವ ಕಾಲದಲ್ಲಿ ಕಾಂಕ್ರೀಟ್ ಹಾಕುವುದೂ ಸುಲಭ.

ಕ್ಯಾನ್‌ಬೆರಾ ಕನ್ನಡಿಗ
ಇದು ಕೈಗೂಡುವ ದಾರಿಯಂತೆ ಕಾಣುತ್ತದೆ. ಕನಿಷ್ಠ ಮಟ್ಟದ ನಿಯಮ ಬೇಕೆಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ, ಆದರೆ ಅದಕ್ಕಾಗಿ ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಅರ್ಜಿಯ ಕರಡನ್ನು ನಾನು ಬರೆಯುತ್ತೇನೆ. ರೆಡ್‌ಫಿನ್ ತಡೆಯ ಬಗ್ಗೆ ಬೇರೆಯೇ ಒಂದು ಪತ್ರವನ್ನು ಜಲಲೆಕ್ಕಿಗರು ಸಿದ್ಧಪಡಿಸುವುದಾದರೆ ಎರಡನ್ನೂ ಒಟ್ಟಿಗೆ ಕಳಿಸಬಹುದು. ಸಹಿ ಹಾಕುವವರು ಇಲ್ಲಿಯೇ ತಿಳಿಸಿ.

ಹಳ್ಳದ ಮೀನು
ಎರಡನೆಯ ಪತ್ರಕ್ಕೆ ನನ್ನ ಸಹಿ ಇದೆ.

ಗ್ರಿಫಿತ್ ನಿವಾಸಿ
ಎರಡಕ್ಕೂ ನನ್ನದಿದೆ. ಇಳಿಜಾರಿನ ಅರ್ಜಿಯಲ್ಲಿ ನೀರಿನ ಮಟ್ಟದ ವಿಷಯ ಒಂದು ಸಾಲೂ ಬರಬಾರದು ಎಂಬುದಷ್ಟೇ ನನ್ನ ಷರತ್ತು.